ಕೈ ತೆಗೆಯುವ ವೇಗ

ಮಲ್ಪೆಯಲ್ಲಿರುವ ನಮ್ಮ ಮನೆಯ ಚಾವಡಿಯ ಗೋಡೆಗೆ ಕಳೆದ ವರ್ಷ ಸುಮಾರು ಮೂರು ತಿಂಗಳ ಕಾಲ ಬೋಯಿಂಗ್ 737-800 ವಿಮಾನದ ಕಾಕ್‌ಪಿಟ್‌ನ ದೊಡ್ಡ ಚಿತ್ರಪಟವೊಂದು ಅಂಟಿಕೊಂಡಿತ್ತು. ಅದರ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ, ಎಂಜಿನ್‌ಗಳ ಬಲ ಏರಿಸಿ ಇಳಿಸುವ ಥ್ರಸ್ಟ್ ಲಿವರ್‌ಗಳ ಬದಲಿಗೆ, ದಾರದಿಂದ ಸಡಿಲವಾಗಿ ಕಟ್ಟಿದ ಎರಡು ಮರದ ಸೌಟು. ಎಡಗಡೆಯ ಕುರ್ಚಿಯಲ್ಲಿ ನಾನು, ಬಲಗಡೆಯದರಲ್ಲಿ ಅಮ್ಮ. ಅಮ್ಮ ಕೈಯಲ್ಲಿದ್ದ ಚೀಟಿ ನೋಡಿ "ಎಂಬತ್ತು" ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು "ವಿ ಒನ್" ಎನ್ನುತ್ತಿದ್ದರು. ಆ ಮಾತು ಅವರ ಬಾಯಿಂದ ಪೂರ್ತಿಯಾಗುವಷ್ಟರಲ್ಲಿ ನನ್ನ ಬಲಗೈ ಸೌಟುಗಳನ್ನು ಬಿಟ್ಟಿರಬೇಕಿತ್ತು. ಕೆಲವು ಸಲ ಅವರು "ವಿ ಒನ್"ಗೆ ಮುಂಚೆಯೇ "ಎಂಜಿನ್ ಫೇಲ್" ಎಂದುಬಿಡುತ್ತಿದ್ದರು. ಆಗ ಸೌಟುಗಳನ್ನು ಹಿಂದಕ್ಕೆಳೆದು, ನಿಲ್ಲಿಸುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಬೇಕಿತ್ತು. ಯಾವಾಗ ಏನು ಹೇಳಬೇಕೆಂಬುದನ್ನು ಅವರಿಗೇ ಬಿಟ್ಟಿದ್ದೆ. ಊಟಕ್ಕೆ ಮೊದಲು ಇಪ್ಪತ್ತು ಸಲ, ರಾತ್ರಿ ಮಲಗುವ ಮೊದಲು ಇಪ್ಪತ್ತು ಸಲ ಇದು ನಡೆಯುತ್ತಿತ್ತು.

ನಾನು ಹತ್ತು ವರ್ಷ ಬಲಗಡೆಯ ಸೀಟಿನಲ್ಲಿ ಕುಳಿತು ವಿಮಾನ ಹಾರಿಸಿದವಳು. ಮೊದಲ ನಾಲ್ಕು ವರ್ಷ ರಾತ್ರಿ ಸರಕು ಸಾಗಿಸುವ 737, ಆಮೇಲಿನ ಆರು ವರ್ಷ ಪ್ರಯಾಣಿಕರ 737. ಕಳೆದ ವರ್ಷ ಕ್ಯಾಪ್ಟನ್ ತರಬೇತಿಗೆ ಆಯ್ಕೆಯಾದೆ. ಹೊರಗಿನಿಂದ ನೋಡಿದರೆ ಒಂದು ಮಾರಿನಷ್ಟು ಎಡಕ್ಕೆ ಸರಿದು ಕುಳಿತಂತೆ ಕಾಣುತ್ತದೆ. ಆದರೆ ಟೇಕಾಫ್ ಓಟದಲ್ಲಿ ಈ ಸರಿದಾಟದ ಅರ್ಥವೇ ಬೇರೆ. ವಿಮಾನವನ್ನು ಯಾರೇ ಹಾರಿಸುತ್ತಿರಲಿ, ಓಟವನ್ನು ನಿಲ್ಲಿಸುವ ಅಧಿಕಾರ ಕ್ಯಾಪ್ಟನ್‌ಗೆ ಮಾತ್ರ. ಎಂಜಿನ್‌ಗಳಿಗೆ ಪೂರ್ತಿ ಬಲ ಬಂದ ಮೇಲೆ ಥ್ರಸ್ಟ್ ಲಿವರ್‌ಗಳ ಮೇಲಿರುವುದು ಕ್ಯಾಪ್ಟನ್‌ನ ಕೈ. ಹತ್ತು ವರ್ಷಗಳಲ್ಲಿ ಸಾವಿರಾರು ಟೇಕಾಫ್‌ಗಳಲ್ಲಿ ನಾನು ಪಕ್ಕದವರ ಆ ಕೈಯನ್ನು ನೋಡಿದ್ದೆ. ನನ್ನ ಕೈ ಅಲ್ಲಿರಲಿಲ್ಲ.

ರನ್‌ವೇಯ ಮೇಲೆ ಓಡುವ ವಿಮಾನಕ್ಕೆ ಹೊರಡುವ ಮೊದಲೇ ಮೂರು ವೇಗಗಳನ್ನು ಲೆಕ್ಕ ಹಾಕಿ ಇಟ್ಟಿರುತ್ತೇವೆ. ವಿ ಒನ್ ಎಂಬುದು ನಿಲ್ಲಿಸುವ ಮೊದಲ ಕ್ರಿಯೆ ಶುರುವಾಗಿಬಿಟ್ಟಿರಬೇಕಾದ ಕೊನೆಯ ವೇಗ. ಅದರಾಚೆಗೆ ಎಂಜಿನ್ ಒಂದು ಕೆಟ್ಟರೂ ಓಟ ಮುಂದುವರಿಯಬೇಕು. ವಿ ಆರ್ ಎಂಬುದು ಮೂತಿಯನ್ನು ಎತ್ತುವ ವೇಗ. ವಿ ಟು ಎಂಬುದು ಒಂದೇ ಎಂಜಿನ್‌ನಲ್ಲಿಯೂ ಸುರಕ್ಷಿತವಾಗಿ ಏರಲು ಬೇಕಾದ ವೇಗ. ಇವು ವಿಮಾನದ ತೂಕ, ಗಾಳಿ, ಬಿಸಿಲು, ರನ್‌ವೇಯ ಉದ್ದ ಮತ್ತು ಅದು ಒಣಗಿದೆಯೋ ತೇವಗೊಂಡಿದೆಯೋ ಎಂಬುದರ ಮೇಲೆ ದಿನದಿನಕ್ಕೂ ಬದಲಾಗುತ್ತವೆ. ನೆಲ ತೇವವಾಗಿದ್ದರೆ ನಿಲ್ಲಲು ಹೆಚ್ಚು ಜಾಗ ಬೇಕಾಗುವುದರಿಂದ ವಿ ಒನ್ ಅನ್ನು ಇಳಿಸುತ್ತೇವೆ. ನಿರ್ಧಾರದ ಕ್ಷಣ ಅಷ್ಟು ಬೇಗ ಬರುತ್ತದೆ.

ಕರಾವಳಿಯವರಿಗೆ ಈ ಲೆಕ್ಕದ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಂಗಳೂರು ವಿಮಾನ ನಿಲ್ದಾಣಕ್ಕಾಗಿ ಬಜ್ಪೆಯ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ರನ್‌ವೇಯ ಉದ್ದ 2,450 ಮೀಟರ್. ಅದು ಮುಗಿದಲ್ಲಿ ಕೆಂಜಾರಿನ ಕಣಿವೆ. 2010ರ ಮೇ 22ರ ಬೆಳಿಗ್ಗೆ ಅಲ್ಲಿ 158 ಮಂದಿ ತೀರಿಕೊಂಡರು. ಅದು ಇಳಿಯುವಾಗ ಆದ ದುರಂತ, ಎಂಜಿನ್ ಕೆಟ್ಟದ್ದೂ ಅಲ್ಲ. ಆದರೂ ರನ್‌ವೇಯ ಕೊನೆ ಎಂದರೆ ಏನೆಂಬುದು ಆವತ್ತಿನಿಂದ ನಮ್ಮ ಎರಡು ಜಿಲ್ಲೆಗಳ ಮನೆಮನೆಗೂ ಗೊತ್ತು. ನಾನು ಆಗ ಪೈಲಟ್ ತರಬೇತಿಯ ಅರ್ಜಿ ತುಂಬಿ ಇಟ್ಟಿದ್ದೆ. ಅಪ್ಪ ಆ ಅರ್ಜಿಯನ್ನು ಹದಿನೈದು ದಿನ ಅಂಚೆಗೆ ಹಾಕಲು ಬಿಡಲಿಲ್ಲ. ಹದಿನಾರನೆಯ ದಿನ ತಾವೇ ಹಾಕಿ ಬಂದರು.

ಹಾರಾಟವನ್ನು ನೆಲದಲ್ಲೇ ಅನುಕರಿಸುವ ಸಿಮ್ಯುಲೇಟರ್ ಯಂತ್ರದ ತರಬೇತಿ ನಡೆದದ್ದು ಬೆಂಗಳೂರಿನಲ್ಲಿ, ಹೆಚ್ಚಾಗಿ ರಾತ್ರಿ ಎರಡು ಗಂಟೆಯಿಂದ ಬೆಳಗಿನ ಆರರವರೆಗೆ. ಎರಡನೆಯ ದಿನ ತರಬೇತುದಾರರು ಪರದೆಯ ಮೇಲೆ ಮಂಗಳೂರನ್ನೇ ಹಾಕಿದರು: 24 ಎಂಬ ಗುರುತಿನ ರನ್‌ವೇ, ಮಳೆ, ತೇವಗೊಂಡ ನೆಲ, ರನ್‌ವೇಯ ಉದ್ದಕ್ಕೆ ತಕ್ಕ ಗರಿಷ್ಠ ತೂಕ. ಆ ಲೆಕ್ಕಕ್ಕೆ ವಿ ಒನ್ 129 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ವಿ ಆರ್ 138. ಓಟ ಶುರುವಾಯಿತು. 80 ದಾಟಿತು. "ವಿ ಒನ್" ಎಂಬ ದನಿ ಕೇಳಿಸಿತು, ನನ್ನ ಕೈ ಲಿವರ್‌ಗಳಿಂದ ಎದ್ದಿತು. ಇನ್ನೂ ನಾಲ್ಕು ನಾಟ್ ಹೆಚ್ಚಿರಬಹುದು, ಬಲಗಡೆ ಫಿರಂಗಿ ಸಿಡಿದಂತಹ ಸದ್ದಾಯಿತು, ಮೂತಿ ಬಲಕ್ಕೆ ಎಳೆಯಿತು. ಎದ್ದಿದ್ದ ಕೈ ಮತ್ತೆ ಕೆಳಗೆ ಹೋಗಿ ಎರಡೂ ಲಿವರ್‌ಗಳನ್ನು ಹಿಂದಕ್ಕೆಳೆದುಬಿಟ್ಟಿತು. ಬ್ರೇಕು ಪೂರ್ತಿ ಹಿಡಿಯಿತು, ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಫಲಕಗಳು ಎದ್ದವು, ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸನ್ನು ಎಡಗಡೆಯದರಲ್ಲಿ ತೆರೆದೆ. ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ. ರನ್‌ವೇಯ ಕೊನೆಯ ಕೆಂಪು ದೀಪಗಳು ನಮ್ಮ ಅಡಿಗೆ ಸರಿದು ಹೋದಾಗ ವೇಗ ಹತ್ತಿರ ಹತ್ತಿರ 50 ನಾಟ್ ಇತ್ತು. ಆಮೇಲೆ ಪರದೆ ನಿಂತಿತು.

ಒಳಗೆ ಯಾರೂ ಮಾತಾಡಲಿಲ್ಲ. ಯಂತ್ರದ ಒಳಗಿನ ಕೆಂಜಾರಿನ ಕಣಿವೆ ಕಂಪ್ಯೂಟರಿನ ಹಸಿರು ಬಣ್ಣ ಮಾತ್ರ ಎಂದು ನನಗೆ ತಿಳಿದಿತ್ತು. ಆದರೂ ಬಲಗೈ ಲಿವರಿನ ಮೇಲೆಯೇ ಅಂಟಿಕೊಂಡಿತ್ತು, ತೆಗೆಯಲು ಆಗಲಿಲ್ಲ. ತರಬೇತುದಾರರು ಗದರಿಸಲಿಲ್ಲ. ಒಂದು ಕಾಗದದ ಮೇಲೆ ಗಣಿತ ಬರೆದು ತೋರಿಸಿದರು. 133 ನಾಟ್ ಎಂದರೆ ಸೆಕೆಂಡಿಗೆ 68 ಮೀಟರ್. ಸದ್ದು ಕೇಳಿ, ಅರ್ಥವಾಗಿ, ಕೈ ಹೋಗಿ, ಬ್ರೇಕು ಹಿಡಿಯುವಷ್ಟರಲ್ಲಿ ಎರಡು ಸೆಕೆಂಡ್ ಹೋದರೆ 136 ಮೀಟರ್ ಹೋಯಿತು. ನಿಲ್ಲಿಸುವ ಲೆಕ್ಕದಲ್ಲಿ ಅಷ್ಟು ಜಾಗವನ್ನು ಯಾರೂ ಉಳಿಸಿಟ್ಟಿರಲಿಲ್ಲ. "ಹಾರುವ ಲೆಕ್ಕದಲ್ಲಿ ಎಲ್ಲವನ್ನೂ ಉಳಿಸಿಟ್ಟಿದ್ದಾರೆ" ಎಂದು ಅವರು ಕಾಗದದ ಇನ್ನೊಂದು ಬದಿ ತಿರುಗಿಸಿದರು. ಎರಡು ಎಂಜಿನ್‌ಗಳ ದೊಡ್ಡ ವಿಮಾನ, ಒಂದು ಎಂಜಿನ್ ಪೂರ್ತಿ ನಿಂತು, ಚಕ್ರ ಮಡಚಿದ ಮೇಲೆ, ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಕಡಿಮೆಯೆಂದರೂ 2.4 ಮೀಟರ್ ಏರಲೇಬೇಕು. ಏರದಷ್ಟು ತೂಕವನ್ನು ಆ ದಿನ ಹೊರಲು ಅನುಮತಿಯೇ ಇಲ್ಲ. ಮೂರು ಎಂಜಿನ್‌ನದಕ್ಕೆ ಈ ಅಂಕಿ 2.7, ನಾಲ್ಕರದಕ್ಕೆ 3. ಒಣ ನೆಲದಲ್ಲಿ ರನ್‌ವೇಯ ಅಂಚನ್ನು ದಾಟುವ ಹೊತ್ತಿಗೆ 35 ಅಡಿ ಎತ್ತರ, ತೇವದಲ್ಲಿ 15 ಅಡಿ. ಹದಿನೈದು ಅಡಿ ಎಂದರೆ ನಮ್ಮ ಮನೆಯ ಮಾಡಿನ ಎತ್ತರ. ಕಡಿಮೆಯೇ, ಆದರೆ ಅದು ಗಾಳಿಯಲ್ಲಿರುವ ವಿಮಾನ. ಅದಕ್ಕೆ ನಿಲ್ಲಲು ಜಾಗ ಬೇಕಾಗಿಲ್ಲ.

ನನ್ನದೊಬ್ಬಳದೇ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಟೇಕಾಫ್ ನಿಲ್ಲಿಸಲು ಹೋಗಿ ಆದ ಅಪಘಾತಗಳನ್ನು ಪರಿಶೀಲಿಸಿದವರು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನಿಲ್ಲಿಸಲು ಹೊರಟದ್ದು ವಿ ಒನ್ ದಾಟಿದ ಮೇಲೆ ಎಂದು ಕಂಡುಕೊಂಡಿದ್ದಾರೆ. ನಾನು ಸರಕು ವಿಮಾನದಲ್ಲಿದ್ದ ಕಾಲದಿಂದ ನೆನಪಿಟ್ಟುಕೊಂಡ ಒಂದು ಘಟನೆ ಇದೆ. 2008ರ ಮೇ 25ರಂದು ಬ್ರಸೆಲ್ಸ್‌ನಲ್ಲಿ ಸರಕು ತುಂಬಿದ ಬೋಯಿಂಗ್ 747 ಒಂದು ಓಡುತ್ತಿದ್ದಾಗ ಮೂರನೆಯ ಎಂಜಿನ್‌ಗೆ ಪುಟ್ಟ ಗಿಡುಗವೊಂದು ಸಿಕ್ಕಿ ದೊಡ್ಡ ಸದ್ದಾಯಿತು. ನಾಲ್ಕರಲ್ಲಿ ಒಂದು ಎಂಜಿನ್ ತಡವರಿಸಿತ್ತು, ಮೂರು ಚೆನ್ನಾಗಿದ್ದವು. ವಿ ಒನ್ ದಾಟಿ ಸುಮಾರು 12 ನಾಟ್ ಆದ ಮೇಲೆ ಲಿವರ್‌ಗಳನ್ನು ಹಿಂದಕ್ಕೆಳೆದರು. ರನ್‌ವೇ ಮುಗಿಯಿತು, ದಿಣ್ಣೆಯಿಂದ ಜಾರಿ ವಿಮಾನ ಮೂರು ತುಂಡಾಯಿತು. ಒಳಗಿದ್ದ ಐವರೂ ಬದುಕಿದ್ದು ಪುಣ್ಯ. ಆ ವರದಿಯನ್ನು ನಾನು ಹಿಂದೆ ಓದುವಾಗ, ಹೇಗೆ ಹಾಗೆ ಮಾಡಿದರು ಎಂದು ಅಚ್ಚರಿಪಟ್ಟಿದ್ದೆ. ಬೆಂಗಳೂರಿನ ಆ ರಾತ್ರಿಯ ನಂತರ ಅಚ್ಚರಿ ಉಳಿಯಲಿಲ್ಲ. ಸದ್ದಿಗೆ ಕೈ ಹಿಂದಕ್ಕೆ ಹೋಗುವುದು ಮೈಯ ಗುಣ. ಹಾಗಾಗದಂತೆ ಮೈಯನ್ನು ತಿದ್ದಬೇಕು. ಮರುದಿನ ಎರಡು ದಿನದ ಬಿಡುವಿಗೆ ಊರಿಗೆ ಬಂದವಳೇ ಅಡುಗೆಮನೆಯಿಂದ ಸೌಟು ತಂದದ್ದು ಈ ಕಾರಣಕ್ಕೆ.

ಕೈಯ ಪಾಠವನ್ನು ಅಮ್ಮ ಮಾಡಿಸಿದರೆ ಕಾಲಿನ ಪಾಠವನ್ನು ಅಪ್ಪ ನನಗಿಂತ ಬೇಗ ತಿಳಿದುಕೊಂಡರು. ಅಪ್ಪ ನಲವತ್ತು ವರ್ಷ ಕಡಲಿಗೆ ಹೋದವರು, ನಾಡದೋಣಿಯಿಂದ ಶುರುಮಾಡಿದವರು. ಬಲಗಡೆಯ ಎಂಜಿನ್ ನಿಂತರೆ ಎಡಗಡೆಯದು ಮಾತ್ರ ದೂಡುವುದರಿಂದ ವಿಮಾನ ಬಲಕ್ಕೆ ತಿರುಗುತ್ತದೆ ಎಂದಾಗ, "ಒಂದೇ ಬದಿಗೆ ಹುಟ್ಟು ಹಾಕಿದ ಹಾಗೆ" ಎಂದರು. ಮತ್ತೆ ಅವರೇ ಕೇಳಿದರು: "ಚುಕ್ಕಾಣಿ ಎಷ್ಟು ಕೊಡಬೇಕು ಎಂದು ಹೇಗೆ ಗೊತ್ತಾಗುತ್ತದೆ?" ಸರಿಯಾದ ಪ್ರಶ್ನೆ ಅದೇ. ಕೆಲಸ ಮಾಡುತ್ತಿರುವ ಎಂಜಿನ್‌ನ ಬದಿಯ ಪೆಡಲನ್ನು ಒತ್ತಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಕೊಡಬೇಕು. ನೆಲದ ಮೇಲಿದ್ದಾಗ ರನ್‌ವೇಯ ನಡುಗೆರೆ ಅಳತೆ ಹೇಳುತ್ತದೆ, ನೆಲ ಬಿಟ್ಟ ಮೇಲೆ ಕೈಯಲ್ಲಿರುವ ಯೋಕ್, ಅಂದರೆ ವಿಮಾನವನ್ನು ವಾಲಿಸುವ ಹಿಡಿಕೆ, ಹೇಳುತ್ತದೆ. ಯೋಕ್ ಸಮವಾಗಿ ನಿಂತಿದ್ದರೆ ಕಾಲಿನ ಒತ್ತಡ ಸರಿಯಿದೆ. ಹೊಸಬರು ಕಾಲನ್ನು ಮರೆತು ಯೋಕ್ ತಿರುಗಿಸಿಯೇ ವಿಮಾನವನ್ನು ನೇರ ಮಾಡಲು ಹೋಗುತ್ತಾರೆ. ಹೆಚ್ಚು ತಿರುಗಿಸಿದರೆ ರೆಕ್ಕೆಯ ಮೇಲಿನ ಸ್ಪಾಯ್ಲರ್ ಫಲಕಗಳು ಎದ್ದು ಗಾಳಿಗೆ ತಡೆಯಾಗುತ್ತವೆ, ಮೊದಲೇ ಕಡಿಮೆಯಿರುವ ಏರಿಕೆ ಇನ್ನೂ ಕಡಿಮೆಯಾಗುತ್ತದೆ. ಮೂತಿಯನ್ನೂ ಎಂದಿಗಿಂತ ನಿಧಾನವಾಗಿ, ಎಂದಿಗಿಂತ ಎರಡು ಮೂರು ಡಿಗ್ರಿ ಕಡಿಮೆ ಎತ್ತಬೇಕು. ಅವಸರದಲ್ಲಿ ಎತ್ತಿದರೆ ಬಾಲ ನೆಲಕ್ಕೆ ತಾಗುತ್ತದೆ; 737-800ಕ್ಕೆ ಚಕ್ರ ನೆಲದಲ್ಲಿರುವಾಗ ಅದಕ್ಕೆ 11 ಡಿಗ್ರಿ ಸಾಕು.

ಇನ್ನು ಹೇಳಬೇಕಾದದ್ದು ನನಗೆ ಅತ್ಯಂತ ಕಷ್ಟವಾದ ಭಾಗ. ನೆಲ ಬಿಟ್ಟು, ಚಕ್ರ ಮಡಚಿ, 400 ಅಡಿ ಏರುವವರೆಗೆ ವಿಮಾನವನ್ನು ಹಾರಿಸುವುದರ ಹೊರತು ಬೇರೇನೂ ಮಾಡುವಂತಿಲ್ಲ. ಎಂಜಿನ್ ಬೆಂಕಿಯ ಗಂಟೆ ಬಡಿದುಕೊಳ್ಳುತ್ತಿದ್ದರೆ ಗಂಟೆಯನ್ನು ನಿಲ್ಲಿಸಬಹುದು, ಅಷ್ಟೇ. ದಿನದ ಲೆಕ್ಕದಲ್ಲಿ ತೂಕ ಅಂಚಿನಲ್ಲಿದ್ದರೆ ನಿಮಿಷಕ್ಕೆ ಸುಮಾರು 350 ಅಡಿ ಮಾತ್ರ ಏರುತ್ತೇವೆ. ಎರಡೂ ಎಂಜಿನ್ ಇದ್ದಾಗ ಎರಡು ಸಾವಿರಕ್ಕೂ ಹೆಚ್ಚು ನೋಡಿದ ಕಣ್ಣಿಗೆ ಏರಿಕೆ ತೋರಿಸುವ ಮುಳ್ಳು ನಿಂತೇಹೋದಂತೆ ಕಾಣುತ್ತದೆ. 400 ಅಡಿಗೆ ಒಂದು ನಿಮಿಷಕ್ಕಿಂತ ಹೆಚ್ಚು. ಬೆಂಕಿಯ ಕೆಂಪು ದೀಪ ಉರಿಯುತ್ತಿರುವಾಗ ಕೈ ಕಟ್ಟಿಕೊಂಡು, ಕಾಲು ಒತ್ತಿಕೊಂಡು ಒಂದು ನಿಮಿಷ ಕುಳಿತಿರುವುದನ್ನು ಕಲಿಯಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಮೂರನೆಯ ರಾತ್ರಿ 200 ಅಡಿಯಲ್ಲಿ ನಾನು ಲಿವರ್ ಹಿಡಿದು "ಬಲಗಡೆ" ಎಂದೆ, ಹಿಡಿದದ್ದು ಎಡಗಡೆಯದು. ಬಲಗಡೆ ಕುಳಿತಿದ್ದವರು "ಬೇಡ" ಎಂದು ಕೂಗಿದರು.

ಅವರು ಕೂಗಬೇಕೆಂದೇ ವ್ಯವಸ್ಥೆ ಇರುವುದು. ಬೆಂಕಿಯ ಕ್ರಮದಲ್ಲಿ ಲಿವರನ್ನು ಹಿಂದಕ್ಕೆಳೆಯುವುದು, ಇಂಧನ ನಿಲ್ಲಿಸುವ ಸ್ಟಾರ್ಟ್ ಲಿವರನ್ನು ಕೆಳಗಿಳಿಸುವುದು, ಫೈರ್ ಸ್ವಿಚ್ ಎಳೆಯುವುದು, ಈ ಮೂರಕ್ಕೂ ಒಬ್ಬರು ಕೈಯಿಟ್ಟು ಹೆಸರು ಹೇಳಬೇಕು, ಇನ್ನೊಬ್ಬರು ಕಣ್ಣಿಂದ ನೋಡಿ ಹೌದೆನ್ನಬೇಕು, ಆಮೇಲೆ ಮಾತ್ರ ಕೈ ಚಲಿಸಬೇಕು. ಸ್ವಿಚ್ ಎಳೆದ ಮೇಲೂ ದೀಪ ಉರಿಯುತ್ತಿದ್ದರೆ ಅದನ್ನು ತಿರುಗಿಸಿ ಬೆಂಕಿ ನಂದಿಸುವ ಮೊದಲ ಬಾಟಲಿಯ ಅನಿಲ ಬಿಡುವುದು. 30 ಸೆಕೆಂಡ್ ಕಾದು, ಮತ್ತೂ ಉರಿದರೆ ಎರಡನೆಯದು. ಈ ಕಾಯುವಿಕೆ ಎಲ್ಲಿ ತಪ್ಪಿತೋ ಅಲ್ಲಿ ಏನಾಯಿತೆಂಬುದಕ್ಕೆ 1989ರ ಜನವರಿ 8ರ ಇಂಗ್ಲೆಂಡಿನ ಕೆಗ್‌ವರ್ತ್ ಅಪಘಾತ ಇದೆ: ಏರುತ್ತಿದ್ದ 737-400ರ ಎಡಗಡೆಯ ಎಂಜಿನ್ ಕೆಟ್ಟಿತ್ತು, ನಿಲ್ಲಿಸಿದ್ದು ಬಲಗಡೆಯದನ್ನು; 47 ಮಂದಿ ಸತ್ತರು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟೇಕಾಫ್ ಆದೊಡನೆ ಎಟಿಆರ್ 72ರ ಬಲಗಡೆಯ ಎಂಜಿನ್ ಬಲ ಕಳೆದುಕೊಂಡಿತು, ಎಡಗಡೆಯದನ್ನು ನಿಲ್ಲಿಸಿದರು, 43 ಮಂದಿ ಸತ್ತರು. ನನ್ನ ಕೈ ಎಡಗಡೆಯ ಲಿವರಿನ ಮೇಲಿದ್ದ ಆ ಅರೆಗಳಿಗೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಹೊತ್ತಿಗೆ ಎಂಜಿನ್ ನಿಂತು ಇಪ್ಪತ್ತೈದು ಸೆಕೆಂಡ್ ಆಗಿತ್ತು, ವಿಮಾನ ನೇರವಾಗಿ ಏರುತ್ತಿತ್ತು, ನನ್ನಿಂದ ಏನೂ ಬೇಕಾಗಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನಿಯಮಕ್ಕೂ ಹೊರತಾದದ್ದು ಇದೆ ಎಂದು ಹೇಳದಿದ್ದರೆ ಸುಳ್ಳು ಹೇಳಿದಂತಾಗುತ್ತದೆ. 2017ರ ಮಾರ್ಚ್ 8ರಂದು ಅಮೆರಿಕದ ಇಪ್ಸಿಲ್ಯಾಂಟಿಯಲ್ಲಿ ಎಂಡಿ-83 ವಿಮಾನವೊಂದರ ಎಲಿವೇಟರ್, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಫಲಕ, ಸಿಕ್ಕಿಹಾಕಿಕೊಂಡಿದ್ದು ಕ್ಯಾಪ್ಟನ್‌ಗೆ ತಿಳಿದದ್ದು ಮೂತಿ ಎತ್ತಲು ಎಳೆದಾಗ. ವಿ ಒನ್ ದಾಟಿತ್ತು, ವಿಮಾನ ಏಳಲಿಲ್ಲ. ಅವರು ನಿಲ್ಲಿಸಿದರು, ರನ್‌ವೇ ಮೀರಿ ಹೋದರು, ಒಳಗಿದ್ದ 116 ಮಂದಿಯೂ ಬದುಕಿದರು. ಹಾರಲಾಗದ ವಿಮಾನವನ್ನು ನಿಲ್ಲಿಸಲೇಬೇಕು. ಆದರೆ ಒಂದು ಎಂಜಿನ್ ನಿಂತ ವಿಮಾನ ಹಾರಲಾಗದ ವಿಮಾನವಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕ್ಯಾಪ್ಟನ್ ಕೆಲಸದ ಬಹುಪಾಲು ಎಂದು ನನಗೆ ಅನ್ನಿಸಿದೆ.

ಸರಕು ವಿಮಾನದಲ್ಲಿ ಇದೇ ಕೆಲಸ ಸ್ವಲ್ಪ ಒಂಟಿಯಾದದ್ದು. ತೂಕ ಹೆಚ್ಚಿನ ರಾತ್ರಿಗಳಲ್ಲಿ ಅಂಚಿನಲ್ಲಿಯೇ ಇರುತ್ತದೆ. ಹಿಂದಿನಿಂದ ಬಂದು, ಕಿಟಕಿಯಿಂದ ಬೆಂಕಿ ಕಾಣುತ್ತಿದೆ ಎಂದು ಹೇಳುವ ಸಿಬ್ಬಂದಿ ಇಲ್ಲ. ರೆಕ್ಕೆಯ ಕಡೆ ಏನಾಗಿದೆ ಎಂದು ತಿಳಿಯಲು ಮುಳ್ಳುಗಳೇ ಗತಿ. 1979ರ ಮೇ 25ರಂದು ಚಿಕಾಗೋದಲ್ಲಿ ಡಿಸಿ-10 ವಿಮಾನದ ಎಡಗಡೆಯ ಎಂಜಿನ್ ಆಧಾರಸಮೇತ ಕಳಚಿಬಿದ್ದಾಗ, ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯ ಮುಂದಂಚಿನಲ್ಲಿ ಚಾಚುವ ಸ್ಲ್ಯಾಟ್ ಫಲಕಗಳು ಒಂದೇ ಬದಿ ಮಡಚಿಕೊಂಡದ್ದು ಕಾಕ್‌ಪಿಟ್‌ಗೆ ತಿಳಿಯಲೇ ಇಲ್ಲ. ಎಂಜಿನ್ ನಿಂತಿದೆ ಎಂದಷ್ಟೇ ತಿಳಿದು, ಕ್ರಮದಂತೆ ವೇಗವನ್ನು ವಿ ಟುಗೆ ಇಳಿಸಿದರು; ಆ ವೇಗದಲ್ಲಿ ಎಡ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡಿತು, 273 ಮಂದಿ ತೀರಿಕೊಂಡರು. ಈಗ ನಾವು ವಿ ಟುಗಿಂತ ಹೆಚ್ಚು ವೇಗ ಕೈಗೆ ಸಿಕ್ಕಿದ್ದರೆ ಅದನ್ನು ಬಿಟ್ಟುಕೊಡುವುದಿಲ್ಲ. ನನ್ನ ತರಬೇತಿ ಮುಗಿದ ಬಳಿಕ, 2025ರ ನವೆಂಬರ್ 4ರಂದು, ಅಮೆರಿಕದ ಲೂಯಿವಿಲ್‌ನಲ್ಲಿ ಅದೇ ಡಿಸಿ-10ರ ವಂಶದ ಎಂಡಿ-11 ಸರಕು ವಿಮಾನದ ಎಡಗಡೆಯ ಎಂಜಿನ್ ಟೇಕಾಫ್‌ನಲ್ಲಿ ಆಧಾರದೊಡನೆ ಕಳಚಿತು. ಆ ಮೂವರು ಪೈಲಟ್‌ಗಳ ಮುಂದಿದ್ದ ಮುಳ್ಳುಗಳನ್ನು ಕುರಿತು ನಾನು ಹಲವು ರಾತ್ರಿ ಯೋಚಿಸಿದ್ದೇನೆ.

ಅದಕ್ಕೂ ಮೊದಲು, 2025ರ ಜೂನ್‌ನಲ್ಲಿ ಅಹಮದಾಬಾದ್ ವಿಮಾನ ದುರಂತ ಆದಾಗ ನಮ್ಮ ಓಣಿಯವರೆಲ್ಲ ಮನೆಗೆ ಬಂದು ಕೇಳಿದ್ದರು: ಒಂದು ಎಂಜಿನ್‌ನಲ್ಲಿ ಹಾರಬಹುದು ಎನ್ನುತ್ತೀಯಲ್ಲ, ಮತ್ತೆ ಹೀಗೇಕೆ? ಅಲ್ಲಿ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳಿಗೆ ಇಂಧನ ನಿಂತಿತ್ತು ಎಂದು ಮುಂದಿನ ತಿಂಗಳ ಪ್ರಾಥಮಿಕ ವರದಿ ಹೇಳಿತು. ನಾನು ಕಲಿಯುತ್ತಿದ್ದದ್ದಕ್ಕೆ ಉಳಿದ ಒಂದು ಎಂಜಿನ್ ಬೇಕೇಬೇಕು. ಅಷ್ಟು ಹೇಳಿ ಸುಮ್ಮನಾದೆ. ಅಮ್ಮ ಆ ಸಂಜೆ ಚೀಟಿ ಹಿಡಿದು ಕುಳಿತವರು ಬಹಳ ಹೊತ್ತು "ಎಂಬತ್ತು" ಎನ್ನಲಿಲ್ಲ. ನಾನೂ ಅವಸರ ಮಾಡಲಿಲ್ಲ.

ಕೊನೆಯ ಪರೀಕ್ಷೆಯ ದಿನ ಎಂಜಿನ್ ಮೂರು ಸಲ ಕೆಟ್ಟಿತು. ವಿ ಒನ್‌ಗೆ ಮೊದಲು ಒಮ್ಮೆ: ನಿಲ್ಲಿಸಿದೆ. ವಿ ಒನ್ ಆಗಿ ಎರಡು ನಾಟ್‌ಗೆ ಒಮ್ಮೆ: ಹಾರಿದೆ. ಮೂರನೆಯದರಲ್ಲಿ ಬೆಂಕಿಯೂ ಇತ್ತು. 400 ಅಡಿಯಲ್ಲಿ ದಿಕ್ಕು ಸರಿಪಡಿಸಿ, ವೇಗ ಹೆಚ್ಚಿಸಿ, ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಮಡಚಿ, ಆಮೇಲೆ ಬೆಂಕಿಯ ಕ್ರಮ ಶುರುಮಾಡಿದೆ. ತರಬೇತುದಾರರು ಹಾಳೆಯ ಮೇಲೆ ಸಹಿ ಹಾಕಿದರು.

ಅಕ್ಟೋಬರ್‌ನ ಒಂದು ಸಂಜೆ, ಮೇಲ್ವಿಚಾರಕ ಕ್ಯಾಪ್ಟನ್‌ಗಳ ಜೊತೆಗಿನ ಹಾರಾಟಗಳೆಲ್ಲ ಮುಗಿದ ಮೇಲೆ, ಎಡಗಡೆಯ ಸೀಟಿನಿಂದ ಮೊದಲ ಬಾರಿ ಬಜ್ಪೆಯಿಂದ ಹೊರಟೆ. ಮಧ್ಯಾಹ್ನದ ಗುಡುಗು ಮಳೆಗೆ ರನ್‌ವೇ ಹೊಳೆಯುತ್ತಿತ್ತು. ವೇಗಗಳನ್ನು ತೇವದ ಲೆಕ್ಕಕ್ಕೆ ಇಳಿಸಿದ್ದೆವು. ರನ್‌ವೇಯ ತುದಿಯಲ್ಲಿ ನಿಂತು ಬ್ರೀಫಿಂಗ್ ಮಾಡಿದೆ: "80ರವರೆಗೆ ಏನೇ ದೀಪ ಬಂದರೂ ನಿಲ್ಲಿಸುತ್ತೇನೆ. 80ರಿಂದ ವಿ ಒನ್‌ವರೆಗೆ ಬೆಂಕಿ, ಎಂಜಿನ್ ನಿಂತದ್ದು, ವಿಂಡ್‌ಶಿಯರ್ (ಗಾಳಿಯ ಹಠಾತ್ ಬದಲಾವಣೆ) ಎಚ್ಚರಿಕೆ, ಅಥವಾ ವಿಮಾನ ಹಾರಲಾರದೆಂದು ಕಂಡರೆ ಮಾತ್ರ. ವಿ ಒನ್ ಆದ ಮೇಲೆ ಹಾರುತ್ತೇವೆ. 400 ಅಡಿವರೆಗೆ ಚಕ್ರ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ನಾನು ಮುಟ್ಟಲು ಹೋದರೆ ತಡೆಯಿರಿ."

ಬಲಗಡೆಯಲ್ಲಿದ್ದವರು ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗ, ಕುಂದಾಪುರದವರು. ಸ್ವಲ್ಪ ಯೋಚಿಸಿ ಕೇಳಿದರು: "100 ನಾಟ್‌ನಲ್ಲಿ ಸರಕಿನ ಬಾಗಿಲಿನ ದೀಪ ಹತ್ತಿದರೆ?"

"ದೀಪ ಹತ್ತಿದೆ ಎಂದು ನೀವು ಹೇಳಿ. ನಾನು 'ಮುಂದುವರಿಸಿ' ಎನ್ನುತ್ತೇನೆ."

ಅವರು ತಲೆಯಾಡಿಸಿದರು. ಟವರ್ ಅನುಮತಿ ಕೊಟ್ಟಿತು. ನಾನು ಬಲಗೈಯನ್ನು ಲಿವರ್‌ಗಳ ಮೇಲಿಟ್ಟು ಬ್ರೇಕು ಬಿಟ್ಟೆ.